ಸಾಣಿಕಟ್ಟಾದ ಉಪ್ಪು, ತದಡಿಯ ಐಸು

1974ರ ಮೇ ತಿಂಗಳ ಒಂದು ಮಧ್ಯಾಹ್ನ ಅಮ್ಮಮ್ಮನ ಉಪ್ಪಿನ ಮರಿಗೆ ಬರಿದಾಯಿತು. ಸಾಣಿಕಟ್ಟಾದ ಆಗರದಿಂದ ಗಾಡಿಯಲ್ಲಿ ಬಂದ ಉಪ್ಪು ಅದು. ಮಾವಿನಮಿಡಿಗೆ ಹಾಕಿ ಉಳಿದದ್ದನ್ನು ಮಳೆಗಾಲಕ್ಕೆಂದು ಎತ್ತಿಟ್ಟಿದ್ದಳು. ಮುಂಬಯಿಯಿಂದ ರಜೆಗೆ ಬಂದಿದ್ದ ಮಾವ ಅದನ್ನು ಬುಟ್ಟಿಗೆ ತುಂಬಿಕೊಂಡು ಅಂಗಳಕ್ಕೆ ಹೊರಟಾಗ ಅಮ್ಮಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಸಿಹಿ ಮಾಡ್ಲೆ ಉಪ್ಪು ಎಂತಕ್ಕೆ ಮಾಣಿ?"

ನನಗಾಗ ಹತ್ತು ವರ್ಷ. ಉತ್ತರ ಗೊತ್ತಿರಲಿಲ್ಲ. ಮುಂದೆ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದೆ. ಶಾಖದ ಪಾಠ ಬಂದಾಗಲೆಲ್ಲ ಅಮ್ಮಮ್ಮನ ಪ್ರಶ್ನೆಯನ್ನೇ ಮಕ್ಕಳ ಮುಂದಿಟ್ಟೆ. ಹಾಲನ್ನು ಹೆಪ್ಪುಗಟ್ಟಿಸಿ ತಿನ್ನುವ ಆಸೆ ಎಲ್ಲಿಂದ ಎಲ್ಲಿಗೆ ಬಂತೆಂದು ಹುಡುಕುತ್ತ ಹೋದರೂ ಕೊನೆಗೆ ಕೈಗೆ ಸಿಗುವುದು ಆ ಉಪ್ಪೇ.

ಅಜ್ಜನಮನೆ ಇದ್ದದ್ದು ಗೋಕರ್ಣದ ಹತ್ತಿರ. ಅಘನಾಶಿನಿ ಸಮುದ್ರ ಸೇರುವ ಜಾಗದ ಬಡಗು ದಡದಲ್ಲಿ ತದಡಿ ಬಂದರು. ಅಲ್ಲಿಂದ ಸ್ವಲ್ಪ ಒಳಗೆ ಬಂದರೆ ಸಾಣಿಕಟ್ಟಾದ ಉಪ್ಪಿನ ಗದ್ದೆಗಳು. ಒಂದು ಕಡೆ ಮೀನಿಗಾಗಿ ಐಸು, ಇನ್ನೊಂದು ಕಡೆ ಊರಿಗೆಲ್ಲ ಉಪ್ಪು. ಈ ಎರಡರ ನಡುವೆ ಒಂದು ಸಿಹಿತಿಂಡಿ ಇದೆಯೆಂದು ಮಾವ ಬರುವವರೆಗೆ ನಮಗೆ ಯಾರಿಗೂ ಹೊಳೆದಿರಲಿಲ್ಲ.

ಮಾವ ತಂದಿದ್ದು ಒಂದು ಮರದ ಬಕೆಟ್ಟು. ಪಟ್ಟಿಗಳನ್ನು ಜೋಡಿಸಿ ಕಬ್ಬಿಣದ ಬಳೆ ಬಿಗಿದದ್ದು. ಅದರೊಳಗೆ ತವರದ ಲೇಪದ ಉದ್ದನೆಯ ಡಬ್ಬಿ, ಡಬ್ಬಿಯೊಳಗೆ ಮರದ ಅಲಗು, ಮೇಲೆ ಹಲ್ಲುಚಕ್ರ, ಪಕ್ಕದಲ್ಲಿ ಹಿಡಿಕೆ. ಮುಂಬಯಿಯ ಗುಜರಾತಿ ಮನೆಗಳಲ್ಲಿ ಇದಕ್ಕೆ ಸಂಚೋ ಎನ್ನುತ್ತಾರೆ, ಮರಾಠಿಯವರು ಪಾಟ್ ಐಸ್‌ಕ್ರೀಮ್ ಎನ್ನುತ್ತಾರೆ ಎಂದು ಹೇಳಿದ. ನಮ್ಮ ಬಾಯಲ್ಲಿ ಅದು ಪಾಟು ಎಂದೇ ನಿಂತಿತು. ತಂದ ದಿನ ಅದನ್ನು ಬಾವಿಕಟ್ಟೆಯ ಹತ್ತಿರ ನೀರು ತುಂಬಿ ಇಟ್ಟ. ಒಣಗಿದ ಪಟ್ಟಿಗಳ ಸಂದಿನಿಂದ ನೀರೆಲ್ಲ ಸೋರಿಹೋಯಿತು. ಮತ್ತೆ ತುಂಬಿದ. ಮರುದಿನ ಬೆಳಿಗ್ಗೆ ನೋಡಿದರೆ ಮರ ಉಬ್ಬಿ, ಸಂದು ಮುಚ್ಚಿ, ನೀರು ಅಲ್ಲೇ ನಿಂತಿತ್ತು. "ಇದು ಒಂದು ದಿನ ಮೊದಲು ನೆನಸಿಡುವ ತಿಂಡಿ," ಎಂದ.

ಐಸು ತದಡಿಯ ಕಡೆಯಿಂದ ಸೈಕಲ್ಲಿನ ಕ್ಯಾರಿಯರ್ ಮೇಲೆ ಬಂತು. ಹತ್ತು ಹನ್ನೆರಡು ಕಿಲೋದ ತುಂಡು, ಸುತ್ತ ಉಮಿ, ಅದರ ಮೇಲೆ ಒದ್ದೆ ಗೋಣಿ. ಆಗ ಅಮ್ಮಮ್ಮನ ಎರಡನೆಯ ಪ್ರಶ್ನೆ ಎದ್ದಿತು. ಮೀನಿಗೆ ಹಾಕುವ ಐಸು ನಮ್ಮ ಹಾಲಿಗೆ ಮುಟ್ಟುತ್ತದೆಯೇ? ಮಾವ ಅವಳನ್ನು ಅಂಗಳಕ್ಕೆ ಕರೆದು, ಖಾಲಿ ಡಬ್ಬಿಯನ್ನು ಬಕೆಟ್ಟಿನಲ್ಲಿಟ್ಟು ತೋರಿಸಿದ. "ಐಸು ಡಬ್ಬಿ ಹೊರಗೇ ಇರ್ತು, ಹಾಲಿಗೆ ಮುಟ್ತಿಲ್ಲೆ." ಅಮ್ಮಮ್ಮ ಡಬ್ಬಿಯ ಒಳಗೆ ಕೈ ಹಾಕಿ ತಳ ಸವರಿ ನೋಡಿದಳು. ಬಿರುಕಿಲ್ಲವೆಂದು ಖಾತ್ರಿಯಾದ ಮೇಲೆ ತಾನೇ ಅದನ್ನು ಹುಣಸೆಹುಳಿ ಹಾಕಿ ತಿಕ್ಕಿ ತೊಳೆದಳು.

ಹಾಲಿನ ವಿಷಯದಲ್ಲಿ ಮಾತ್ರ ಅವಳು ಜಗ್ಗಲಿಲ್ಲ. ಮಾವನಿಗೆ ಕೆನೆ ಬೇಕಿತ್ತು. ಕೆನೆ ಬೆಣ್ಣೆಗೆ, ಬೆಣ್ಣೆ ತುಪ್ಪಕ್ಕೆ, ತುಪ್ಪ ಹಬ್ಬಕ್ಕೆ ಎಂಬ ಲೆಕ್ಕ ಆ ಮನೆಯಲ್ಲಿ ತಪ್ಪುವಂತಿರಲಿಲ್ಲ. ಹಾಗಾಗಿ ಸಿಕ್ಕಿದ್ದು ಕಾಯಿಸಿ ಕೆನೆ ತೆಗೆದ ಹಾಲು, ಎರಡೂವರೆ ಲೀಟರಿನಷ್ಟು. ಅದು ತೆಳುವಾಯಿತೆಂದು ಮಾವ ಗೊಣಗಿದಾಗ ಅಮ್ಮಮ್ಮ ಕೂವೆ ಹಿಟ್ಟಿನ ಡಬ್ಬಿ ತೆಗೆದಳು. ತೋಟದ ಅಂಚಿನಲ್ಲಿ ಬೆಳೆದ ಕೂವೆಗಡ್ಡೆಯನ್ನು ತುರಿದು, ನೀರಿನಲ್ಲಿ ಕದಡಿ, ತಿಳಿ ಚೆಲ್ಲಿ ಚೆಲ್ಲಿ ಒಣಗಿಸಿದ ಬಿಳಿ ಹಿಟ್ಟು ಅದು. ಹೊಟ್ಟೆ ಕೆಟ್ಟಾಗ ನಮಗೆ ಅದರ ಗಂಜಿ ಕಾಯಿಸಿ ಕೊಡುತ್ತಿದ್ದಳು. ಮೂರು ಚಮಚ ಹಿಟ್ಟನ್ನು ತಣ್ಣನೆಯ ಹಾಲಿನಲ್ಲಿ ಕಲಸಿ, ಕುದಿವ ಹಾಲಿಗೆ ಹೊಯ್ದು, ಬಿಡದೆ ಕೈಯಾಡಿಸಿದಳು. ಹಾಲು ಸೌಟಿನ ಬೆನ್ನಿಗೆ ಅಂಟುವಷ್ಟು ಮಂದವಾಯಿತು. ಸಕ್ಕರೆಯನ್ನು ಪಾಯಸಕ್ಕಿಂತ ಒಂದು ಹಿಡಿ ಹೆಚ್ಚೇ ಹಾಕಿದಳು. ತಣ್ಣಗಾದಾಗ ನಾಲಿಗೆಗೆ ಸಿಹಿ ಕಡಿಮೆ ತಿಳಿಯುತ್ತದೆ ಎಂದು ಮಾವ ಹೇಳಿದ್ದ. ಪೂರ್ತಿ ಆರಿದ ಮೇಲೆ ಅಂಕೋಲೆಯ ಕರಿ ಇಶಾಡ ಮಾವಿನಹಣ್ಣಿನ ರಸ. ಬಿಸಿ ಹಾಲಿಗೆ ಹಣ್ಣು ಹಾಕಿದರೆ ಒಡೆಯುವ ಭಯ.

ಇಂದಿನ ಆಹಾರ ಸುರಕ್ಷತಾ ನಿಯಮದ ಪ್ರಕಾರ ಬರೀ ಐಸ್‌ಕ್ರೀಮ್ ಎಂಬ ಹೆಸರಿನಲ್ಲಿ ಮಾರಬೇಕಾದರೆ ನೂರಕ್ಕೆ ಕನಿಷ್ಠ 10 ಭಾಗ ಹಾಲಿನ ಕೊಬ್ಬು ಇರಬೇಕು. ಅದಕ್ಕಿಂತ ಇಳಿದರೆ ಮೀಡಿಯಂ ಫ್ಯಾಟ್, 2.5 ಭಾಗಕ್ಕೂ ಇಳಿದರೆ ಲೋ ಫ್ಯಾಟ್. ಅಮೆರಿಕದಲ್ಲಿ ಇಂಥ ಹಗುರ ತಿಂಡಿಗೆ 1990ರ ದಶಕದವರೆಗೂ ಐಸ್ ಮಿಲ್ಕ್ ಎಂಬ ಬೇರೆಯೇ ಹೆಸರಿತ್ತು. ಅಮ್ಮಮ್ಮನ ಪಾಟಿನಿಂದ ಬಂದದ್ದು ಆ ಪಂಗಡದ್ದು. ಹಗುರಾಗಿರಲೆಂದು ನಾವು ಮಾಡಿದ್ದಲ್ಲ, ತುಪ್ಪ ಉಳಿಯಲೆಂದು ಮಾಡಿದ್ದು. ಆದರೆ ಆ ಹಗುರಿಗೆ ಒಂದು ಗುಣವಿತ್ತು. ಕೊಬ್ಬು ಕಡಿಮೆಯಿದ್ದ ಕಾರಣ ನಾಲಿಗೆಯ ಮೇಲೆ ಜಿಡ್ಡು ನಿಲ್ಲುತ್ತಿರಲಿಲ್ಲ. ಮೊದಲು ಹಣ್ಣು ತಿಳಿಯುತ್ತಿತ್ತು, ಆಮೇಲೆ ಹಾಲು.

ಇನ್ನು ಉಪ್ಪಿನ ಪ್ರಶ್ನೆ. ಬರೀ ಐಸು ಎಷ್ಟೇ ಸುರಿದರೂ ಸೊನ್ನೆ ಡಿಗ್ರಿಗಿಂತ ಕೆಳಗಿಳಿಯದು. ಸಕ್ಕರೆ ಬೆರೆತ ಹಾಲು ಸೊನ್ನೆಗೆ ಹೆಪ್ಪುಗಟ್ಟದು. ಅದಕ್ಕೆ ಇನ್ನೂ ಎರಡು ಮೂರು ಡಿಗ್ರಿ ಕೆಳಗೆ ಹೋಗಬೇಕು. ಅಂದರೆ ಹಿಮಾಲಯವನ್ನೇ ತಂದು ಡಬ್ಬಿಯ ಸುತ್ತ ಇಟ್ಟರೂ ಐಸ್‌ಕ್ರೀಮ್ ಆಗದು. ಉಪ್ಪು ಸೋಕಿದ ಐಸು ಸೊನ್ನೆಗಿಂತ ಕೆಳಗೂ ಕರಗುತ್ತದೆ. ಒಂದು ಗ್ರಾಂ ಐಸು ಕರಗಲು 80 ಕ್ಯಾಲರಿ ಶಾಖ ಬೇಕು. ಅದನ್ನು ಪಕ್ಕದಲ್ಲಿರುವ ಡಬ್ಬಿಯಿಂದಲೇ ಎಳೆದುಕೊಳ್ಳುತ್ತದೆ. ಸರಿಯಾದ ಹದದಲ್ಲಿ ಬೆರೆತರೆ ಆ ಉಪ್ಪುನೀರು ಸೊನ್ನೆಗಿಂತ 21 ಡಿಗ್ರಿ ಕೆಳಗಿನವರೆಗೂ ಇಳಿಯಬಲ್ಲದು. ಮಾವನ ಅಳತೆ ಮೂರು ಬೊಗಸೆ ಜಜ್ಜಿದ ಐಸಿಗೆ ಒಂದು ಬೊಗಸೆ ಕಲ್ಲುಪ್ಪು. ಪುಡಿ ಉಪ್ಪು ತಳಕ್ಕೆ ಜಾರಿಬಿಡುತ್ತದೆ, ಹರಳು ಐಸಿನ ನಡುವೆ ನಿಲ್ಲುತ್ತದೆ. ಸಾಣಿಕಟ್ಟಾದ ಒರಟು, ಮಣ್ಣುಬಣ್ಣದ ಉಪ್ಪು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು.

ಉಪ್ಪಿಗೆ ಈ ಶಕ್ತಿಯಿದೆಯೆಂದು ಜನ ಕಂಡುಕೊಂಡದ್ದು ಬಹಳ ಹಿಂದೆ. ಅಕ್ಬರನ ಆಸ್ಥಾನದ ಅಬುಲ್ ಫಜಲ್ 'ಐನ್-ಇ-ಅಕ್ಬರಿ'ಯಲ್ಲಿ ನೀರು ತಂಪು ಮಾಡುವ ವಿಧಾನವನ್ನು ಅಳತೆಸಮೇತ ಬರೆದಿದ್ದಾನೆ. ಲೋಹದ ಹೂಜಿಯಲ್ಲಿ ಒಂದು ಸೇರು ನೀರು ತುಂಬಿ ಬಾಯಿ ಮುಚ್ಚಬೇಕು. ಬೇರೆ ಪಾತ್ರೆಯಲ್ಲಿ ಐದು ಸೇರು ನೀರಿಗೆ ಎರಡೂವರೆ ಸೇರು ಪೆಟ್ಲುಪ್ಪು ಹಾಕಿ, ಹೂಜಿಯನ್ನು ಅದರಲ್ಲಿ ಕಾಲು ಗಂಟೆ ತಿರುಗಿಸಬೇಕು. ಮದ್ದುಗುಂಡಿನ ಪೆಟ್ಲುಪ್ಪು ಬೇಸಿಗೆಯಲ್ಲಿ ಬಾಯಾರಿಕೆಗೂ ಒದಗಿತು. ಅದನ್ನು ಓದಿದಾಗ ನನ್ನ ಕಣ್ಣಿಗೆ ಕಟ್ಟಿದ್ದು ನಮ್ಮ ಅಂಗಳ: ಒಳಗೊಂದು ಡಬ್ಬಿ, ಹೊರಗೆ ಉಪ್ಪು, ನಡುವೆ ತಿರುಗುವ ಕೈ. 1586ರ ಸುಮಾರಿಗೆ ಅಕ್ಬರ ಪಂಜಾಬಿನಲ್ಲಿ ಬೀಡುಬಿಟ್ಟ ಮೇಲೆ ಅರಮನೆಗೆ ಬೆಟ್ಟದ ಹಿಮವೂ ಬರತೊಡಗಿತು. ಲಾಹೋರಿನಿಂದ ಸುಮಾರು 45 ಹರದಾರಿ ದೂರದ ಗುಡ್ಡಗಳಿಂದ ದೋಣಿಯಲ್ಲಿ, ಗಾಡಿಯಲ್ಲಿ, ಹೊರೆಯಾಳುಗಳ ತಲೆಯ ಮೇಲೆ.

ಹಿಮ, ಉಪ್ಪು, ಬತ್ತಿಸಿದ ಹಾಲು ಸೇರಿದ್ದು ಕುಲ್ಫಿಯಲ್ಲಿ. ಆ ಹೆಸರಿನ ಬೇರು ಕುಫ್ಲ್, ಅಂದರೆ ಬೀಗ. ಮುಚ್ಚಳವಿರುವ ಪುಟ್ಟ ಲೋಹದ ಅಚ್ಚಿಗೇ ಮೊದಲು ಕುಲ್ಫಿ ಎಂದು ಹೆಸರು, ತಿಂಡಿಗೆ ಆಮೇಲೆ. ಮುಚ್ಚಳದ ಸುತ್ತ ಕಲಸಿದ ಹಿಟ್ಟು ಮೆತ್ತಿ ಮುದ್ರೆ ಹಾಕುತ್ತಿದ್ದದ್ದು ಉಪ್ಪುನೀರು ಒಳಗೆ ಇಳಿಯದಿರಲೆಂದು. ಆ ಮುದ್ರೆಯ ಬೆಲೆ ನಮಗೆ ಮುಂದಿನ ವರ್ಷವೇ ತಿಳಿಯಿತು. ನಡುವೆ ಮುಚ್ಚಳ ತೆಗೆದು ನೋಡಿದವಳು ನಾನು. ಅಂಚು ಒರೆಸದೆ ತೆಗೆದಿದ್ದೆ. ಒಂದೇ ಒಂದು ಗುಟುಕು ಉಪ್ಪುನೀರು ಡಬ್ಬಿಗೆ ಜಾರಿ, ಅಷ್ಟೂ ಹಾಲು ಬಾಯಿಗಿಡದಂತಾಯಿತು. ಯಾರೂ ಬೈಯಲಿಲ್ಲ. ಅಮ್ಮಮ್ಮ ಅದನ್ನು ಕೊಟ್ಟಿಗೆಗೂ ಒಯ್ಯದೆ ತಿಪ್ಪೆಗೆ ಚೆಲ್ಲಿ ಬಂದಳು. ಅಷ್ಟು ಹಾಲು ತಿಪ್ಪೆಗೆ ಹೋದದ್ದನ್ನು ನೋಡಿದ ಸಂಕಟ ಇವತ್ತಿಗೂ ಹೋಗಿಲ್ಲ.

ಹಿಮಾಲಯ ದೂರವಿದ್ದ ಬಯಲುನಾಡಿನವರು ರಾತ್ರಿಯನ್ನು ನಂಬಿದರು. ಅಲಹಾಬಾದಿನಲ್ಲಿ ಐಸು ಮಾಡುತ್ತಿದ್ದ ಕ್ರಮವನ್ನು ಸರ್ ರಾಬರ್ಟ್ ಬಾರ್ಕರ್ 1775ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ವಿವರಿಸಿದ. ಸುಮಾರು 30 ಅಡಿ ಚೌಕ, ಎರಡಡಿ ಆಳದ ಹೊಂಡ. ತಳಕ್ಕೆ ಒಣಗಿದ ಕಬ್ಬಿನ ದಂಟಿನ ಹಾಸು. ಅದರ ಮೇಲೆ ಸಾಲಾಗಿ ತೆಳ್ಳನೆಯ ಮಣ್ಣಿನ ತಟ್ಟೆಗಳು, ಅವುಗಳಲ್ಲಿ ಕಾಯಿಸಿ ಆರಿಸಿದ ನೀರು. ಚಳಿಗಾಲದ ನಿರ್ಮಲ ರಾತ್ರಿಯಲ್ಲಿ ಶಾಖವೆಲ್ಲ ಆಕಾಶಕ್ಕೆ ಹಾರಿಹೋಗಿ, ಬೆಳಗಿನ ಜಾವಕ್ಕೆ ತಟ್ಟೆಗಳಲ್ಲಿ ಐಸಿನ ಹಪ್ಪಳ. ಸೂರ್ಯ ಏಳುವ ಮೊದಲೇ ಆಳುಗಳು ಅದನ್ನು ಬಿಡಿಸಿ ಬುಟ್ಟಿಗಳಲ್ಲಿ ಹೊತ್ತು, ನೆಲದಡಿಯ ಗುಂಡಿಯಲ್ಲಿ ಹುಲ್ಲು ಮುಚ್ಚಿ ಕೂಡಿಡುತ್ತಿದ್ದರು. ಹೀಗೆ ಚಳಿಗಾಲವನ್ನು ಬೇಸಿಗೆಗೆ ಎತ್ತಿಟ್ಟ ಆ ಕೈಗಳ ಹೆಸರು ಯಾವ ಕಾಗದದಲ್ಲೂ ಉಳಿದಿಲ್ಲ ಎಂಬುದು ನನ್ನನ್ನು ನೋಯಿಸುತ್ತದೆ. ಸೆಖೆ ತಿಂದು ಬದುಕುವ ನಮ್ಮ ಕರಾವಳಿಗೆ ಈ ಉಪಾಯವೂ ಇಲ್ಲ. ಇಲ್ಲಿಯ ರಾತ್ರಿ ಅಷ್ಟು ತಣಿಯುವುದಿಲ್ಲ.

ಬಂದರು ಪಟ್ಟಣಗಳಿಗೆ ಐಸು ಬಂದದ್ದು ಸಮುದ್ರದ ಮೇಲೆ. ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ ಅಲ್ಲಿಯ ಕೆರೆಗಳು ಚಳಿಗಾಲದಲ್ಲಿ ಹೆಪ್ಪುಗಟ್ಟಿದಾಗ ಐಸನ್ನು ಚಪ್ಪಡಿಗಳಾಗಿ ಕೊಯ್ಯಿಸಿ ಹಡಗಿಗೆ ತುಂಬಿಸುತ್ತಿದ್ದ. 1833ರ ಮೇ ತಿಂಗಳಲ್ಲಿ 'ಟಸ್ಕನಿ' ಎಂಬ ಹಡಗು 180 ಟನ್ ಐಸು ಹೊತ್ತು ಹೊರಟು, ನಾಲ್ಕು ತಿಂಗಳು ತೇಲಿ, ಸೆಪ್ಟೆಂಬರಿನಲ್ಲಿ ಕಲ್ಕತ್ತೆ ಮುಟ್ಟಿತು. ಸಮಭಾಜಕ ವೃತ್ತವನ್ನು ಎರಡು ಸಲ ದಾಟಿಯೂ ಸುಮಾರು 100 ಟನ್ ಉಳಿದಿತ್ತು. ಇಂಥ ಐಸನ್ನು ದಾರಿಯುದ್ದಕ್ಕೂ ಕಾಪಾಡಿದ್ದು ಮರದ ಹೊಟ್ಟು. ತದಡಿಯ ಸೈಕಲ್ಲಿನ ಮೇಲೆ ಉಮಿ ಮಾಡಿದ ಕೆಲಸವೂ ಅದೇ. ಮದರಾಸಿನಲ್ಲಿ ಈ ಐಸಿಗೆಂದೇ 1842ರಲ್ಲಿ ಕಡಲದಂಡೆಯ ಮೇಲೆ ದುಂಡನೆಯ ಕಟ್ಟಡ ಎದ್ದಿತು. ಅಮೆರಿಕದ ಐಸು ನಿಂತ ಮೇಲೆ ಅದು ಬಿಳಿಗಿರಿ ಅಯ್ಯಂಗಾರ್ ಎಂಬ ವಕೀಲರ ಮನೆಯಾಯಿತು. 1897ರಲ್ಲಿ ಸ್ವಾಮಿ ವಿವೇಕಾನಂದರು ಅಲ್ಲಿ ತಂಗಿದ್ದರು. ಇಂದು ಅದು ವಿವೇಕಾನಂದರ್ ಇಲ್ಲಂ. ಆದರೂ ಚೆನ್ನೈಯವರ ಬಾಯಲ್ಲಿ ಆ ಬಡಾವಣೆ ಐಸ್ ಹೌಸೇ.

1862ರವರೆಗೆ ನಮ್ಮ ಕೆನರಾ ಸೀಮೆಯೂ ಅದೇ ಮದರಾಸು ಆಧಿಪತ್ಯಕ್ಕೆ ಸೇರಿತ್ತು. ಅಲ್ಲಿಯ ಸಾಹೇಬರು ಬಾಸ್ಟನ್ನಿನ ಕೆರೆಯ ತುಂಡನ್ನು ಲೋಟಕ್ಕೆ ಹಾಕಿಕೊಳ್ಳುತ್ತಿದ್ದಾಗ ಗೋಕರ್ಣದ ನಮ್ಮ ಹಿರಿಯರು ಮಣ್ಣಿನ ಗಡಿಗೆಯ ನೀರನ್ನೇ ತಂಪೆಂದು ಕುಡಿಯುತ್ತಿದ್ದರು. ಐಸು ಹಣವಿದ್ದವರ ವಸ್ತುವಾಗಿತ್ತು. ಉಪ್ಪು ಹಾಗಲ್ಲ, ಎಲ್ಲರದು. ಆ ಎಲ್ಲರದಕ್ಕೂ ತೆರಿಗೆ ಬಿದ್ದಾಗ ಈ ಕರಾವಳಿ ಎದ್ದು ನಿಂತಿತು. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಜನ ಉಪ್ಪಿನ ಕಾನೂನು ಮುರಿದರು. ಆ ನೆಲದ ಉಪ್ಪನ್ನು ಐಸ್‌ಕ್ರೀಮಿಗೆ ಸುರಿಯುವಾಗ ಅಮ್ಮಮ್ಮ ಯಾಕೆ ಹಿಂಜರಿದಳೆಂದು ನನಗೆ ದೊಡ್ಡವಳಾದ ಮೇಲೆ ಅರ್ಥವಾಯಿತು.

ಮಾವನ ಬಕೆಟ್ಟಿನ ಮೂಲ ಇನ್ನೊಂದು ಮನೆಯದು. ಅಂಥ ಬಕೆಟ್ಟು ಬರುವ ಮೊದಲು ಯುರೋಪಿನಲ್ಲಿ ಐಸು-ಉಪ್ಪಿನ ನಡುವೆ ಡಬ್ಬಿಯನ್ನು ಕೈಯಿಂದ ತಿರುಗಿಸುತ್ತ, ಮತ್ತೆ ಮತ್ತೆ ಮುಚ್ಚಳ ತೆಗೆದು, ಅಂಚಿಗೆ ಕಟ್ಟಿದ ಹೆಪ್ಪನ್ನು ಕೆರೆದು ಮಗುಚುತ್ತಿದ್ದರು. ದೊಡ್ಡ ಮನೆಗಳ ಅಡುಗೆಯಾಳುಗಳಿಗೆ ತೋಳು ಸೋಲುವ ಕೆಲಸ. 1843ರ ಸೆಪ್ಟೆಂಬರ್ 9ರಂದು ಫಿಲಡೆಲ್ಫಿಯಾದ ನ್ಯಾನ್ಸಿ ಜಾನ್ಸನ್ ಎಂಬಾಕೆ ಹಿಡಿಕೆ ತಿರುಗಿಸಿದರೆ ಒಳಗಿನ ಅಲಗು ತಾನೇ ಅಂಚು ಕೆರೆಯುವ ಯಂತ್ರಕ್ಕೆ ಪೇಟೆಂಟ್ ಪಡೆದಳು. ಮುಚ್ಚಳ ತೆಗೆಯದೆಯೇ ಹಾಲು ಹದಕ್ಕೆ ಬರುವಂತಾಯಿತು. ಮುಚ್ಚಳ ತೆಗೆದು ಹಾಲು ಕೆಡಿಸಿದ ನನಗೆ ಆಕೆಯ ಬುದ್ಧಿಯ ಬೆಲೆ ಚೆನ್ನಾಗಿ ಗೊತ್ತು.

ತದಡಿಯ ಐಸಿನ ಹಿಂದೆಯೂ ಉಪ್ಪಿತ್ತು. ಬಿಎಸ್ಸಿ ಓದುವಾಗ ಒಮ್ಮೆ ಅಂಥ ಐಸ್ ಫ್ಯಾಕ್ಟರಿಯ ಒಳಗೆ ಹೋಗಿ ನೋಡಿದೆ. ಅಮೋನಿಯಾದ ಘಾಟು ಮೂಗಿಗೆ ಅಡರುತ್ತಿತ್ತು. ಮರದ ಹಲಗೆಗಳ ಕೆಳಗೆ ದೊಡ್ಡ ತೊಟ್ಟಿ, ಅದರ ತುಂಬ ಉಪ್ಪುನೀರು. ಸಿಹಿನೀರು ತುಂಬಿದ ಉದ್ದುದ್ದ ತಗಡಿನ ಡಬ್ಬಿಗಳು ಅದರಲ್ಲಿ ಮುಳುಗಿ ನಿಂತಿದ್ದವು. ಉಪ್ಪುನೀರು ಸೊನ್ನೆಗಿಂತ ಎಷ್ಟೋ ಕೆಳಗಿಳಿದರೂ ಹರಿಯುತ್ತಲೇ ಇರುತ್ತದೆ. ಡಬ್ಬಿಯ ನೀರು ಮಾತ್ರ ಅಂಚಿನಿಂದ ನಡುವಿಗೆ ನಿಧಾನವಾಗಿ ಕಲ್ಲಾಗುತ್ತದೆ. ಅಮ್ಮಮ್ಮನಿಗೆ ಹೇಳಿದೆ: ಆ ಐಸು ಮೀನಿನದ್ದಲ್ಲ, ನಮ್ಮ ಬಾವಿಯಂಥದೇ ನೀರಿನದ್ದು, ಅಲ್ಲಿಯೂ ಉಪ್ಪು ಡಬ್ಬಿಯ ಹೊರಗೇ ಇರುತ್ತದೆ. ಅವಳು ತಲೆಯಾಡಿಸಿದಳು. ಮಡಿಯ ಮನೆಗೂ ಬಂದರಿಗೂ ಒಂದೇ ವಿದ್ಯೆ ಎಂದು ಒಪ್ಪಿದ ಆ ತಲೆಯಾಟ ನನಗೆ ಬಹಳ ಇಷ್ಟ.

ತಿರುಗಿಸುವ ಕೆಲಸಕ್ಕೆ ಸರದಿ ಇತ್ತು. ಮೊದಲ ಹತ್ತು ನಿಮಿಷ ಹಾಲು ನೀರಾಗಿಯೇ ಇರುತ್ತದೆ, ಹಿಡಿಕೆ ಸಲೀಸು, ಅದು ಸಣ್ಣವರಿಗೆ. ಆಮೇಲೆ ಕೈಗೆ ಭಾರ ತಿಳಿಯುತ್ತದೆ, ಅಕ್ಕಂದಿರಿಗೆ. ಅಲುಗಾಡದಂತೆ ಬಕೆಟ್ಟಿನ ಮೇಲೆ ಗೋಣಿ ಮಡಚಿ ಹಾಕಿ ಒಬ್ಬರನ್ನು ಕೂರಿಸಬೇಕಿತ್ತು. ಆ ತಣ್ಣನೆಯ ಪೀಠ ಹೆಚ್ಚಾಗಿ ನನ್ನದು. ಕೊನೆಯ ಐದಾರು ನಿಮಿಷಕ್ಕೆ ಮಾವನೇ ಬೇಕು. ತಿರುಗುವ ಅಲಗು ಅಂಚಿನ ಹರಳನ್ನು ಕೆರೆದು ಒಡೆಯುತ್ತದೆ, ಜೊತೆಗೆ ಗಾಳಿಯನ್ನು ಒಳಸೇರಿಸುತ್ತದೆ. ಅದಕ್ಕೇ ಡಬ್ಬಿಯ ಮೂರರಲ್ಲಿ ಎರಡು ಪಾಲು ಮಾತ್ರ ಹಾಲು ತುಂಬಬೇಕು, ಉಳಿದದ್ದು ಉಬ್ಬುವುದಕ್ಕೆ. "ಹಿಂಗೆ ಕಡೆದ್ರೆ ಬೆಣ್ಣೆ ಬರ್ತಿಲ್ಯ?" ಎಂದು ಅಮ್ಮಮ್ಮ ಕೇಳಿದ್ದಳು. ಕೆನೆ ಹೆಚ್ಚಿದ್ದರೆ ನಿಜಕ್ಕೂ ಅತಿಯಾಗಿ ಕಡೆದಾಗ ಬೆಣ್ಣೆಯ ಕಾಳು ಕಟ್ಟುತ್ತದೆ. ಅವಳು ಮೊದಲೇ ಕೆನೆ ಎತ್ತಿಟ್ಟಿದ್ದರಿಂದ ನಮಗೆ ಆ ಭಯವಿರಲಿಲ್ಲ.

ಮುಚ್ಚಳದ ಸುತ್ತ ಮೂರು ಸಲ ಒರೆಸಿ ಡಬ್ಬಿ ತೆರೆದಾಗ ಮನೆಯವರಷ್ಟೇ ಇರುತ್ತಿರಲಿಲ್ಲ. ಐಸು ಬಂದ ಸುದ್ದಿ ಸೈಕಲ್ಲಿಗಿಂತ ಮುಂದೆ ಓಡಿರುತ್ತಿತ್ತು. ಪಕ್ಕದ ಮನೆಯವರು, ತೋಟದ ಕೆಲಸದವರು, ಐಸು ತಂದುಕೊಟ್ಟ ಅಣ್ಣ, ಅಂಚೆಯವರು. ಲೋಟ ಸಾಲದೆ ಬಾಳೆಯೆಲೆಯ ತುಂಡು, ಹಲಸಿನೆಲೆಯ ಚಮಚ. ಮನೆಯಲ್ಲಿ ಫ್ರಿಜ್ಜಿರಲಿಲ್ಲ. ಸಕ್ಕರೆ ಎತ್ತಿಡಬಹುದು, ತುಪ್ಪ ಎತ್ತಿಡಬಹುದು, ಉಪ್ಪಂತೂ ವರ್ಷಗಟ್ಟಲೆ. ತಂಪನ್ನು ಮಾತ್ರ ಎತ್ತಿಡಲು ಬರುತ್ತಿರಲಿಲ್ಲ. ಅರ್ಧ ಗಂಟೆಯಲ್ಲಿ ಕರಗಿಹೋಗುವ ವಸ್ತುವಿನ ಎದುರು ಅಮ್ಮಮ್ಮನ ಲೆಕ್ಕದ ಕೈಯೂ ಸಡಿಲಾಗುತ್ತಿತ್ತು. ಕೆನೆಯನ್ನು ಮಗನಿಗೂ ಕೊಡದವಳು ಅಂದು ದಾರಿಹೋಕರನ್ನೂ ಕರೆದು ಕೊಟ್ಟಳು.

ಕೊನೆಗೆ ಬಕೆಟ್ಟಿನಲ್ಲಿ ಉಳಿದ ಉಪ್ಪುನೀರು. ಬಚ್ಚಲಿಗೆ ಚೆಲ್ಲಲು ಹೋದರೆ ಅವಳು ಬಿಡಲಿಲ್ಲ. ತೆಂಗಿನ ಬುಡಕ್ಕೆ ಉಪ್ಪು ಹಾಕುವುದು ನಮ್ಮ ಕಡೆಯ ರೂಢಿ. ಆ ನೀರನ್ನು ಹತ್ತಾರು ಮರಗಳಿಗೆ ಹಂಚಿ ಹೊಯ್ಯಿಸಿದಳು. ಮರಿಗೆ ಬರಿದಾದ ದುಃಖ ಅಷ್ಟಕ್ಕೆ ತೀರಿತು.

1980ರ ದಶಕದಲ್ಲಿ ಆ ಮನೆಗೂ ಫ್ರಿಜ್ಜು ಬಂತು. ಕಸ್ಟರ್ಡ್ ಪೌಡರು, ಐಸ್‌ಕ್ರೀಮಿಗೆ ಬೆರೆಸುವ ಜಿಎಂಎಸ್ ಪುಡಿ, ಸಿಎಂಸಿ ಪುಡಿ ಬಂದವು. ಹಾಲು ಕಾಯಿಸಿ, ಟ್ರೇಗೆ ಹೊಯ್ದು, ಅರ್ಧ ಗಟ್ಟಿಯಾದಾಗ ತೆಗೆದು ಕಡೆದು ಮತ್ತೆ ಒಳಗಿಟ್ಟರೆ ಮುಗಿಯಿತು. ನಾನೂ ಹುಬ್ಬಳ್ಳಿಯ ಮನೆಯಲ್ಲಿ ಹಾಗೇ ಮಾಡಿದ್ದೇನೆ, ನನ್ನ ಮಕ್ಕಳು ಅದನ್ನು ತಿಂದೇ ಬೆಳೆದರು. ರುಚಿಯ ಬಗ್ಗೆ ನನಗೆ ದೂರಿಲ್ಲ. ಆದರೆ ಆ ಟ್ರೇ ನಾಳೆಗೂ ಇರುತ್ತದೆ, ನಾಡಿದ್ದಿಗೂ ಇರುತ್ತದೆ. ಅದಕ್ಕಾಗಿ ಪಕ್ಕದ ಮನೆಯ ಬಾಗಿಲು ತಟ್ಟುವ ಅಗತ್ಯ ನನಗೆ ಒಮ್ಮೆಯೂ ಬರಲಿಲ್ಲ. ಅಕ್ಬರನ ಹೂಜಿಯಿಂದ ಮಾವನ ಪಾಟಿನವರೆಗೆ ತಂಪಿಗಾಗಿ ಹತ್ತಾರು ಕೈಗಳು ಸೇರಬೇಕಿತ್ತು. ಕೈ ಸೇರಿಸಿದವರಿಗೆಲ್ಲ ಪಾಲು ಸಿಕ್ಕಿದ್ದು ಮಾತ್ರ ನಾನು ನಮ್ಮ ಅಂಗಳದಲ್ಲೇ ಕಂಡದ್ದು.

ಹೋದ ತಿಂಗಳು ಅಜ್ಜನಮನೆಯ ಅಟ್ಟದಿಂದ ಪಾಟನ್ನು ಇಳಿಸಿ ತಂದೆ. ಡಬ್ಬಿಗೆ ಹೊಸದಾಗಿ ಕಲಾಯಿ ಹಾಕಿಸಿದೆ. ಹಲ್ಲುಚಕ್ರಕ್ಕೆ ಕೊಬ್ಬರಿಯೆಣ್ಣೆ ಬಿಟ್ಟೆ. ಗೋಕರ್ಣದಿಂದ ಬರುವ ತಂಗಿಗೆ ಐದು ಕಿಲೋ ಸಾಣಿಕಟ್ಟಾ ಉಪ್ಪು, ಒಂದು ಡಜನ್ ಇಶಾಡು ತರಲು ಹೇಳಿದ್ದೇನೆ. ನಮ್ಮ ಕಟ್ಟಡದಲ್ಲಿ ಹನ್ನೆರಡು ಮನೆ. ನಾಳೆ ಸಂಜೆ ನಾಲ್ಕಕ್ಕೆ ಎಲ್ಲರೂ ಅವರವರ ಬಟ್ಟಲು ಹಿಡಿದು ಕೆಳಗೆ ಬರಬೇಕೆಂದು ಮೆಟ್ಟಿಲು ಹತ್ತಿ ಇಳಿದು ಹೇಳಿ ಬಂದಿದ್ದೇನೆ. ಬೆಳಿಗ್ಗೆ ತುಂಬಿದ ನೀರೆಲ್ಲ ಸೋರಿಹೋಗಿತ್ತು. ಮತ್ತೆ ತುಂಬಿದ್ದೇನೆ. ಈಗ ರಾತ್ರಿ ಹತ್ತು ಗಂಟೆ. ಬಚ್ಚಲಲ್ಲಿ ಬಕೆಟ್ಟು ನೆನೆಯುತ್ತಿದೆ, ಹನಿ ಬೀಳುವ ಸದ್ದು ಆಗಲೇ ವಿರಳವಾಗಿದೆ.